ಖಾಲಿ ಕುರ್ಚಿಗೆ ಬೆಲ್ಲ ನೀರು

ಕಳೆದ ಆಟಿ ತಿಂಗಳ ಮಳೆಯಲ್ಲಿ ನನ್ನ ಗಂಡನಿಗೆ ಮೆದುಳು ಜ್ವರ ಬಂತು. ನಾವು ಪಂಜ ಎಂಬ ಊರಿನವರು, ಪುತ್ತೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಮೂರನೆಯ ದಿನ ಕಣ್ಣು ಬಿಟ್ಟವರು ನನ್ನನ್ನು ನೋಡಿ, "ತಾವು ಎಲ್ಲಿಯವರು? ಬಾಯಾರಿಕೆಗೆ ಎಂತಾದ್ರೂ ಕುಡಿದ್ರಾ?" ಎಂದು ಕೇಳಿದರು.

ಇಪ್ಪತ್ತಾರು ವರ್ಷ ನನ್ನನ್ನು "ಏ" ಎಂದೇ ಕರೆದ ಮನುಷ್ಯ. ಅದಕ್ಕಾಗಿ ನಾನು ಎಷ್ಟು ಜಗಳ ಮಾಡಿದ್ದೇನೋ. ಈಗ ಮಾತ್ರೆ ಕೊಟ್ಟರೆ, "ತಮಗೆ ತೊಂದರೆ ಆಯ್ತು." ಹೊಟ್ಟೆ ಹಿಡಿದು ನಕ್ಕೆ. "ಈ ಜ್ವರ ಮೊದಲೇ ಬರ್ಬಾರ್ದಿತ್ತಾ ಮಾರಾಯ್ರೆ?" ಎಂದೆ. ನರ್ಸ್ ಕೂಡ ನಕ್ಕಳು. ಡಾಕ್ಟರು ನಗಲಿಲ್ಲ. "ಜ್ವರ ಇಳೀದಿದ್ರೆ ಕಷ್ಟ ಉಂಟಮ್ಮ" ಎಂದರು.

ಮರುದಿನ ಮಧ್ಯಾಹ್ನ ಆ ಮರ್ಯಾದೆ ನನ್ನನ್ನು ಬಿಟ್ಟು ಮಂಚದ ಆಚೆಗಿದ್ದ ಖಾಲಿ ಕುರ್ಚಿಗೆ ಹೋಯಿತು. "ಬನ್ನಿ, ಕೂತ್ಕೊಳ್ಳಿ" ಎಂದರು. ಕಿವಿಗೊಟ್ಟು ಏನನ್ನೋ ಕೇಳಿ ತಲೆಯಾಡಿಸಿದರು. "ಅವಸರ ಎಂತಕ್ಕೆ? ಬೆಲ್ಲ ನೀರು ಕುಡೀರಿ. ಮತ್ತೆ ಒಟ್ಟಿಗೇ ಹೋಗುವ." ನನ್ನ ನಗು ಅಲ್ಲೇ ನಿಂತಿತು. ಕುರ್ಚಿ ಸರಿಸಲು ಹೋದರೆ, "ಕೂತವರನ್ನು ಎಬ್ಬಿಸುದಾ?" ಎಂದು ಗದರಿದರು.

ಮನೆಗೆ ಬಂದವರನ್ನು ಬೆಲ್ಲ ನೀರು ಕೊಡದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಎರಡು ದಿನ ಅವರು ಅದನ್ನೇ ಕೇಳಿದರು. ಜ್ವರದ ಬಡಬಡಿಕೆ ಎಂದು ನಾನು ಕೊಡಲಿಲ್ಲ. ಜ್ವರ ಏರುತ್ತಲೇ ಹೋಯಿತು. ಎರಡನೆಯ ದಿನ ಸಂಜೆ ಸುಬ್ರಹ್ಮಣ್ಯ ಸ್ವಾಮಿಯನ್ನು ನೆನೆದು ಅತ್ತುಬಿಟ್ಟೆ. "ಸ್ವಾಮಿ, ನನಗೆ ಮರ್ಯಾದೆ ಬೇಡ. ಆ 'ಏ' ಒಂದು ವಾಪಸು ಕೊಡು."

ಎದುರಿನ ಅಂಗಡಿಯಿಂದ ಬೆಲ್ಲ ತಂದು, ಲೋಟ ನೀರಿನ ಜೊತೆ ಕುರ್ಚಿಯ ಎದುರಿಟ್ಟು ಕೈಮುಗಿದೆ. ಅಭ್ಯಾಸಬಲದಿಂದ 'ಹೋಗಿ ಬನ್ನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಕುಡಿದು ಹೋಗಿ. ಇವರು ಬರುದಿಲ್ಲ" ಎಂದೆ.

ಬೆಳಿಗ್ಗೆ ನೀರು ಹಾಗೆಯೇ ಇತ್ತು. ಬಿಸ್ಕತ್ತಿನ ಪುಡಿಯನ್ನೂ ಬಿಡದ ಆ ವಾರ್ಡಿನ ಇರುವೆಗಳು ಬೆಲ್ಲವನ್ನು ಮುಟ್ಟಿರಲಿಲ್ಲ. ಜ್ವರ ಇಳಿದಿತ್ತು. ಔಷಧಿ ಹಿಡಿಯಿತು ಎಂದರು ಡಾಕ್ಟರು. ಹಿಡಿಸಿದವನು ಯಾರೆಂದು ನನಗೆ ಗೊತ್ತು.

ಆದರೆ ಮನೆಗೆ ಬಂದ ಮೇಲೂ 'ತಾವು' ಹೋಗಲಿಲ್ಲ. ಕೇಳಿದಾಗಲೆಲ್ಲ ಮನೆಯ ಖಾಲಿ ಕುರ್ಚಿಗಳತ್ತ ನೋಡುತ್ತಿದ್ದೆ.

ಆಟಿ ಮುಗಿದು ಸೋಣ ತಿಂಗಳು ಬಂದಾಗ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಹೊರಟೆವು. ಬಸ್ಸು ತುಂಬಾ ರಶ್ ಇತ್ತು. ಮೊದಲು ಹತ್ತಿದ ಅವರು ಪಕ್ಕದ ಸೀಟಿಗೆ ಟವೆಲ್ ಹಾಕಿ, "ಇಲ್ಲಿ ಜನ ಉಂಟು" ಎನ್ನುತ್ತಿದ್ದರು. ನನಗೆ ಆಸ್ಪತ್ರೆಯ ಕುರ್ಚಿ ನೆನಪಾಯಿತು.

"ಯಾರುಂಟು?" ಎಂದೆ.

"ಏ, ನೀನಲ್ಲದೆ ಮತ್ಯಾರು? ಕೂತ್ಕೊ."

ಕೂತವಳು ಅಳತೊಡಗಿದೆ. "ಏ, ಜನ ನೋಡ್ತಾರೆ" ಎಂದರು.

ಒಂದು 'ಏ' ಕೇಳಿದ್ದೆ, ಸ್ವಾಮಿ ಎರಡು ಕೊಟ್ಟ. ಅವನನ್ನು ನಂಬಿದವರ ಹತ್ತಿರ ಇದನ್ನು ಹೇಳದೆ ನನಗೆ ಇರಲಾಗಲಿಲ್ಲ.