ಬೇಟೆಯ ಪಾಲು

ನನ್ನ ಸ್ಟೀಲ್ ಡಬ್ಬಿಗಳನ್ನು ನೋಡಿ ಅವನು ನಕ್ಕಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಕ್ಕವನು ಬೇರೆ ಯಾರೂ ಅಲ್ಲ, ನನಗೆ ಬೇಟೆ ಕಲಿಸಿದವನು. ವಿಲಾಯತಿಯ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ನಾನು ಬ್ರೆಡ್ ಪ್ಯಾಕ್ ಮಾಡುತ್ತಿದ್ದೆ, ಅವನು ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ತೊಂಬತ್ತರ ದಶಕದ ಕೊನೆಯ ಮಾತಿದು. ರಜೆಯ ದಿನ ಅವನು ಎಜ್‌ವೇರ್‌ನ ಆಚೆ ಒಂದು ದೊಡ್ಡ ಜಮೀನಿನಲ್ಲಿ, ಬೆಳೆಗೆ ಬಾಯಿ ಹಾಕುವ ಜಿಂಕೆಗಳನ್ನು ಮಾಲೀಕನ ಪರವಾಗಿ ಹೊಡೆಯುತ್ತಾನೆ ಎಂದು ತಿಳಿದಾಗ, ನನಗೂ ಕಲಿಸು ಎಂದು ನಾನೇ ಕೇಳಿದೆ.

"ನೀವು ಹಿಂದೂಗಳು ಮಾಂಸ ಮುಟ್ಟೋದಿಲ್ಲ ಅಲ್ವಾ?" ಅಂದ.

ಯಾರು ಹೇಳಿದರು ಇವನಿಗೆ? ವಿಜಯಪುರದ ಕಡೆ ನಮ್ಮಪ್ಪ ಬಲೆ ಹೊತ್ತು, ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುತ್ತಿದ್ದವನು. ಬೇಟೆ ಸಿಕ್ಕಿದರೆ ಊರ ಹೊರಗೇ ಕೂತು ಪಾಲು ಹಾಕುತ್ತಿದ್ದರು. ಬಲೆ ಹಿಡಿದವನಿಗೆ, ಅಟ್ಟಿದವನಿಗೆ, ಸುಮ್ಮನೆ ಜೊತೆಗೆ ನಡೆದವನಿಗೂ ಸಮಪಾಲು. ನಾಯಿಗೂ ಒಂದು ಪಾಲು. ಪಾಲು ತಪ್ಪಿಸಿದವನನ್ನು ಮತ್ತೆ ಯಾರೂ ಬೇಟೆಗೆ ಕರೆಯುತ್ತಿರಲಿಲ್ಲ.

ಆ ಚಳಿಗಾಲ ಅವ್ವ ಆರು ತಿಂಗಳ ವೀಸಾದ ಮೇಲೆ ನನ್ನ ಎಜ್‌ವೇರ್ ಫ್ಲಾಟಿಗೆ ಬಂದಿದ್ದಳು. ಅಂಗಡಿಯಿಂದ ತಂದ ಮಾಂಸವನ್ನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದಳು. "ಪ್ಲಾಸ್ಟಿಕ್‌ನ್ಯಾಗ ಸುತ್ತಿದ್ದಕ್ಕ ರುಚಿ ಎಲ್ಲಿಂದ ಬರ್ಬೇಕೋ ತಮ್ಮಾ? ನಿಮ್ಮಪ್ಪ ಹ್ವಾದ ಮ್ಯಾಲ ಬ್ಯಾಟಿ ಮಾಂಸ ಬಾಯಾಗ ಇಟ್ಟಿಲ್ಲ ನಾ." ನೀನು ವಿಮಾನ ಹತ್ತುವುದರೊಳಗೆ ನನ್ನ ಬೇಟೆಯ ಪಾಲು ತಿನ್ನಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟಷ್ಟು ಸುಲಭವಾಗಿರಲಿಲ್ಲ ಕಲಿಯುವುದು. ಗುರಿಹಲಗೆಗೆ ಹೊಡೆದ ಮೂರು ಗುಂಡು ಒಂದು ತಟ್ಟೆಯಗಲದೊಳಗೆ ಬೀಳುವವರೆಗೆ ಅವನು ನನ್ನನ್ನು ಕಾಡಿನ ಹತ್ತಿರ ಸೇರಿಸಲಿಲ್ಲ. ಆಮೇಲೆ ಗಾಳಿಗೆ ಎದುರಾಗಿ ಕೆಸರಿನಲ್ಲಿ ತೆವಳಿಸಿದ. ಎರಡು ಸಲ ಜಿಂಕೆಗಳು ದೂರದಿಂದಲೇ ತಲೆಯೆತ್ತಿ ಓಡಿದವು. ನಿನ್ನ ಕೋಟು ಅಡುಗೆಮನೆಯ ವಾಸನೆ ಹೊಡೆಯುತ್ತಿದೆ ಅಂದ. ಕೋಟು ಅವ್ವ ಒಗ್ಗರಣೆ ಹಾಕುವ ಒಲೆಯ ಪಕ್ಕವೇ ನೇತಾಡುತ್ತಿದ್ದದ್ದು ನಿಜ. ನಿಜವಾದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಮರುದಿನದಿಂದ ಕೋಟನ್ನು ಬಾಲ್ಕನಿಯಲ್ಲಿ ತೂಗುಹಾಕಿದೆ.

ಅವ್ವ ಹೊರಡಲು ಒಂದು ವಾರವಿತ್ತು. ಇಬ್ಬನಿ ಬಿದ್ದ ಬೆಳಗು, ಹೊಲದಂಚಿನಲ್ಲಿ ಒಂದು ಹೆಣ್ಣು ಜಿಂಕೆ ಅಡ್ಡ ತಿರುಗಿ ನಿಂತಿತು. ಅವನು ಕಲಿಸಿದ ಹಾಗೆ ಉಸಿರು ಅರ್ಧ ಬಿಟ್ಟು, ಮುಂಗಾಲಿನ ಹಿಂದೆ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದೆ. ಅದು ನೆಗೆದು ಪೊದೆಯೊಳಗೆ ನುಗ್ಗಿತು. ಗುರಿ ತಪ್ಪಿತು ಅಂದುಕೊಂಡೆ. ಅವನ ಮುದಿ ಕಪ್ಪು ನಾಯಿ ಮೂಸುತ್ತ ಹೋಗಿ, ಬಿದ್ದ ಜಾಗ ತೋರಿಸಿತು. ಕರುಳು ತೆಗೆಯುವುದನ್ನೂ ಅವನು ನನ್ನ ಕೈಯಲ್ಲೇ ಮಾಡಿಸಿದ.

ಕೈ ತೊಳೆದುಕೊಂಡು ಕಾರಿನಿಂದ ನಾಲ್ಕು ಡಬ್ಬಿ ತಂದು ಸಾಲಾಗಿ ಇಟ್ಟೆ. ಇವೇನು ಎಂದು ಕೇಳಿದ. ಪಾಲಿಗೆ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಜಿಂಕೆ ಜಮೀನಿನ ಮಾಲೀಕರದು, ಅವರ ಕೋಲ್ಡ್ ರೂಮಿಗೆ ಹೋಗುತ್ತೆ. ಬೇಕಾದರೆ ಲಿವರ್ ತಗೋ. ಅದನ್ನ ನಾನು ಯಾವಾಗಲೂ ನಾಯಿಗೆ ಹಾಕೋದು."

ಊರಲ್ಲಿ ನಾಯಿಗೂ ಪಾಲಿತ್ತು. ಇಲ್ಲಿ ನನಗೆ ನಾಯಿಯ ಪಾಲು! ಕೆಸರಲ್ಲಿ ತೆವಳಿದವನು ನಾನು, ಹೊಡೆದವನು ನಾನು, ಆ ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದ ಮಾಲೀಕನಿಗೆ ಇಡೀ ಜಿಂಕೆ. ಇದು ಯಾವ ಊರ ನ್ಯಾಯ? ಅಲ್ಲೇ ಬಿಸಾಕಿ ಬರುತ್ತಿದ್ದೆ, ಅವ್ವನ ಮುಖ ನೆನಪಾಯಿತು. ಲಿವರ್ ಒಂದು ಡಬ್ಬಿಗೆ ಹಾಕಿಕೊಂಡು, ಇನ್ನು ನಿನ್ನ ಸಹವಾಸ ಸಾಕು ಎಂದು ಮನಸ್ಸಿನಲ್ಲೇ ಬೈದುಕೊಂಡು ಮನೆಗೆ ಬಂದೆ.

ಅವ್ವ ಒಂದು ಹಿಡಿ ಲಿವರನ್ನು ಬೇರೆಯಾಗಿ ಬೇಯಿಸಿ ತೆಗೆದಿಟ್ಟು, ಉಳಿದದ್ದನ್ನು ಬೆಳ್ಳುಳ್ಳಿ, ಖಾರ ಹಾಕಿ ಹುರಿದಳು, ಒಂದು ತುಣುಕು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ನಾನು ನಡೆದದ್ದನ್ನೆಲ್ಲ ಕೂಗಾಡಿ ಹೇಳುತ್ತಿದ್ದರೆ ಅವಳು ಅದನ್ನೆಲ್ಲ ತಟ್ಟೆಯಲ್ಲಿ ನಾಲ್ಕು ಗುಂಪು ಮಾಡುತ್ತಿದ್ದಳು.

"ಇದು ಯಾರಿಗವ್ವಾ?"

"ಎರಡು ನಮಗ. ಇದು ನಿಂಗ ಕಲಿಸಿದಾಂವಗ. ಅಂವಾ ಬ್ಯಾಟಿಗಿ ಬಂದಿದ್ದಿಲ್ಲೇನು? ಇದು ನಾಯಿಗಿ, ಖಾರ ಹಚ್ಚದ ತಗದೀನಿ. ಹುಡುಕಿ ಕೊಟ್ಟಿದ್ದು ಅದ ಹೌದಿಲ್ಲೋ?"

"ಅಂವಾ ನನಗ ಪಾಲು ಕೊಡಲಿಲ್ಲವ್ವಾ!"

"ಅವಗ ಯಾರೂ ಕಲಿಸಿಲ್ಲ. ನಿಂಗ ನಿಮ್ಮಪ್ಪ ಕಲಿಸ್ಯಾನ."

ಅವನ ಮನೆಯವರೆಗೆ ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಕಾರು ಓಡಿಸಿದೆ. ಬಾಗಿಲು ತೆರೆದವನ ಕೈಗೆ ಎರಡು ಡಬ್ಬಿ ಕೊಟ್ಟು, ದೊಡ್ಡದು ನಿನ್ನ ಪಾಲು, ಚಿಕ್ಕದು ನಾಯಿಯದು ಅಂದೆ. ಮುಚ್ಚಳ ತೆಗೆದು ನೋಡಿದ. ಈ ಸಲ ನಗುತ್ತಾನೆ, ನಕ್ಕರೆ ಹೇಳಬೇಕಾದದ್ದನ್ನೆಲ್ಲ ಹೇಳಿಬಿಡುತ್ತೇನೆ ಎಂದು ಕಾಯುತ್ತ ನಿಂತೆ. ಅವನು ನಗಲಿಲ್ಲ.