ಬಸ್ಸಿಳಿದು ವಾಪಸ್ ಓಡಿದ ಹೆಂಗಸು

ಮಕ್ಕಳೇ, ಮೊನ್ನೆ ಭಾನುವಾರ ನೀವು ಹಾಕಿದ ಸೀರಿಯಲ್ಲಿನಲ್ಲಿ ಬೇರೆ ಗ್ರಹದವರು ಊರಿಗೆ ನುಗ್ಗಿದರು. ಜನರೆಲ್ಲ ಬಸ್ ಹತ್ತಿದರೆ ಒಬ್ಬ ಹೆಂಗಸು ಇಳಿದು, ತಾನೇ ಕಟ್ಟಿಹಾಕಿದ್ದ ನಾಯಿಗಾಗಿ ಮನೆ ಕಡೆ ಓಡಿದಳು.

"ಯಾರಾದ್ರೂ ವಾಪಸ್ ಹೋಗ್ತಾರೇನಜ್ಜಿ? ಕತೆ ಬರೆದೋನಿಗೆ ತಲೆ ಇಲ್ಲ" ಅಂತ ನಕ್ಕಿರಿ.

ಆಕಾಶ ದಾಟಿ ಬಂದವರಿಗೆ ಬಾಗಿಲ ಚಿಲಕ ತೆಗೆಯಲು ಬರಲಿಲ್ಲವಲ್ಲ, ಅದು ಕತೆಯ ತಪ್ಪೇ, ಒಪ್ಪುತ್ತೇನೆ. ಆದರೆ ಆ ಹೆಂಗಸು ಯಾಕೆ ಹೋದಳೆಂದು ನನಗೆ ಗೊತ್ತು. ಎದುರಿಗೆ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಹಿರೇಗುಂಟನೂರಿನಲ್ಲಿದ್ದಾಗ ಒಂದು ಮಧ್ಯಾಹ್ನ ನಮ್ಮ ಬಣವೆಗೆ ಬೆಂಕಿ ಬಿತ್ತು. ಕಿಡಿ ಹಾರಿ ಕೊಟ್ಟಿಗೆಯ ಗರಿ ಸೂರೂ ಹತ್ತಿಕೊಂಡಿತು. ನಿಮ್ಮಜ್ಜ ಹಸುಗಳನ್ನು ಬಿಚ್ಚಿ ಹೊರಗೆ ಅಟ್ಟಿದರು. ಕರು ಒಳಗೇ ಉಳಿಯಿತು.

"ಲೇ, ಹೋಗಬ್ಯಾಡ! ಸೂರು ಬೀಳ್ತೈತೆ!" ಎಂದು ನನ್ನ ರಟ್ಟೆ ಹಿಡಿದರು. ಕೊಡವಿಕೊಂಡು ಒಳಗೆ ನುಗ್ಗಿದೆ. ಕರು ಬೆಳಿಗ್ಗೆ ಬಿಚ್ಚಿಕೊಂಡು ಹಾಲೆಲ್ಲ ಕುಡಿದಿತ್ತೆಂಬ ಸಿಟ್ಟಿಗೆ, ನಾನೇ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಎರಡು ಗಂಟು ಹಾಕಿದ್ದೆ. ಹೊಗೆಯಲ್ಲಿ ಗಂಟು ಕಾಣಲಿಲ್ಲ. ಕರು ಎಳೆದಷ್ಟೂ ಅದು ಬಿಗಿಯಾಯಿತು. ತಲೆಯ ಮೇಲೆ ಬಿದಿರು ಚಟಚಟ ಸಿಡಿಯಿತು. ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಕೈಗೆ ಸಿಕ್ಕಿತು, ಹಗ್ಗ ಕೊಯ್ದೆ. ಕರು ನನ್ನನ್ನು ತುಳಿದುಕೊಂಡೇ ಹೊರಗೋಡಿತು. ತೆವಳಿಕೊಂಡು ನಾನು ಬಾಗಿಲು ದಾಟುವಷ್ಟರಲ್ಲಿ ಸೂರು ಕುಸಿಯಿತು.

"ನಿನ್ನ ಗುಂಡಿಗೆ ಗಟ್ಟಿ ಬಿಡವ್ವ" ಅಂದರು ಊರವರು. ತಲೆ ತಗ್ಗಿಸಿ ನಿಂತೆ. ಕರು ಸತ್ತರೆ ಕೊಂದವಳು ನಾನೇ ಆಗುತ್ತೇನೆಂಬ ಭಯಕ್ಕೆ ಓಡಿದ್ದೆ ಅಂತ ನಿಮ್ಮಜ್ಜನಿಗೂ ಹೇಳಲಿಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ. ಈ ಹಾಳೆಗಳನ್ನು ರದ್ದಿಗೆ ಹಾಕಬ್ಯಾಡ್ರಪ್ಪ, ಜೋಪಾನ ಮಾಡ್ರಿ.