ಸಾರಿನ ಪುಡಿ ಡಬ್ಬಿಯ ರಾಜಕುಮಾರಿಯರು

ಸಾರಿನ ಪುಡಿಗೆಂದು ಡಬ್ಬಿಗೆ ಕೈ ಹಾಕಿದೆ. ಮುಚ್ಚಳದ ಮೇಲೆ ಯುರೋಪಿನ ಉತ್ತರದ ಯಾವುದೋ ಅರಮನೆಯ ನಾಲ್ವರು ರಾಜಕುಮಾರಿಯರು ಸಾಲಾಗಿ ಕುಳಿತಿದ್ದಾರೆ. ನಮ್ಮ ಹೆಬ್ಬೆರಳಿಗೆ ಸಿಕ್ಕಿ ಎರಡನೆಯವಳ ಮೂಗು ಸವೆದುಹೋಗಿದೆ. ಬಿಸ್ಕೆಟ್ಟಿನ ಈ ಡಬ್ಬಿ ಪಕ್ಕದ ಮನೆಯ ಬ್ರೀಡಾ ಕೊಟ್ಟದ್ದು, ಕೊರೊನಾ ಕಾಲದಲ್ಲಿ.

ಆಗ ನನ್ನ ಸ್ಯಾಂಡಿಫರ್ಡ್ ಆಫೀಸು ಆಡಮ್ಸ್‌ಟೌನಿನ ನಮ್ಮ ಮನೆಯ ಅಡುಗೆಮನೆ ಮೇಜಿಗೆ ಬಂದಿತ್ತು. ಮೊಮ್ಮಗಳನ್ನು ನೋಡಲು ಬಂದ ಅಮ್ಮ ವಿಮಾನ ನಿಂತು ಇಲ್ಲೇ ಸಿಕ್ಕಿಬಿದ್ದಿದ್ದರು. ಮೈಸೂರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. “ಹೆತ್ತವಳು ನಾನಿಲ್ದೆ ಧಾರೆ ಯಾರು ಎರೀತಾರೆ? ಅಪ್ಪ ಒಬ್ರೇ ಕೂರೋ ಹಾಗಿಲ್ಲ. ಮುಂದಕ್ಕೆ ಹಾಕಿ” ಎಂದು ಅಮ್ಮನ ಹಟ. ಇನ್ನು ಕಾಯುವುದಿಲ್ಲವೆಂದು ಗಂಡಿನವರು. ನಡುವೆ ತಂಗಿ ಅತ್ತು ಅತ್ತು ಸುಸ್ತಾದಳು.

ಹಿತ್ತಲ ಮೋಟುಗೋಡೆಯಾಚೆ ಬ್ರೀಡಾ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂಟಿ ಐರಿಶ್ ಹೆಂಗಸು. ತಮ್ಮನ್ನು ಆಳಿದ ಇಂಗ್ಲೆಂಡಿನ ಅರಮನೆಯ ಸುದ್ದಿ ಎತ್ತಿದರೆ ಅವರಪ್ಪ ಊಟ ಬಿಟ್ಟು ಏಳುತ್ತಿದ್ದರಂತೆ. ಹಾಗಾಗಿ ಇವರು ದೂರದ ಅರಮನೆಯೊಂದನ್ನು ಹಿಡಿದುಕೊಂಡಿದ್ದರು. ಯಾವ ರಾಜಕುಮಾರಿಯನ್ನು ಎಲ್ಲಿಗೆ ಕೊಟ್ಟರು, ಅವಳಜ್ಜಿ ಯಾವ ಮನೆಯವಳು, ಎಲ್ಲ ಬಾಯಿಪಾಠ. ಅಮ್ಮನಿಗೆ ಇನ್ನೇನು ಬೇಕು ಹೇಳಿ? ತರ್ಜುಮೆ ಮಾತ್ರ ನನ್ನ ತಲೆಗೆ, ಮೀಟಿಂಗ್ ಮ್ಯೂಟ್ ಮಾಡಿಕೊಂಡು.

“ಎರಡನೆಯವಳ ಅಜ್ಜಿ ಕಸಿನ್‌ನನ್ನೇ ಮದುವೆಯಾದಳು,” ಅಂದರು ಬ್ರೀಡಾ.

“ಸೋದರತ್ತೆ ಮಗನಾ, ದೊಡ್ಡಪ್ಪನ ಮಗನಾ ಕೇಳು,” ಅಂದರು ಅಮ್ಮ. “ಅತ್ತೆ ಮಗ ಆದ್ರೆ ಸರಿ. ದೊಡ್ಡಪ್ಪನ ಮಗ ಅಣ್ಣ ಆಗ್ತಾನೆ.”

ಬ್ರೀಡಾ ಒಂದೆರಡು ತಲೆಮಾರು ಹಿಂದೆ ಹೋಗಿಬಂದು ದೊಡ್ಡಪ್ಪನ ಮಗನೇ ಎಂದರು. ಅಮ್ಮ ಸ್ವಲ್ಪ ದಿನ ಆ ರಾಜಮನೆತನದ ಜೊತೆ ಮಾತು ಬಿಟ್ಟರು.

ಆಮೇಲೊಂದು ಮಧ್ಯಾಹ್ನ ಬ್ರೀಡಾ ಇನ್ನೂ ಹಳೆಯ ರಾಜಕುಮಾರಿಯೊಬ್ಬಳ ಕತೆ ತೆಗೆದರು. ದೂರದೇಶದ ವರನಿಗೆ ಬರಲಾಗದೆ, ಅವನ ಬದಲು ಹುಡುಗಿಯ ಅಣ್ಣನೇ ಚರ್ಚಿನಲ್ಲಿ ನಿಂತಿದ್ದನಂತೆ. ಆಗ ಅದು ರೂಢಿ.

“ಅಣ್ಣನಾ? ಕರ್ಮ,” ಎಂದ ಅಮ್ಮ, “ಆಮೇಲೆ ಸಂಸಾರ ಸರಿಯಾಗಿ ನಡೀತಂತಾ ಕೇಳು,” ಎಂದರು.

“ಗ್ರ್ಯಾಂಡ್! ಮನೆತುಂಬ ಮಕ್ಕಳು,” ಅಂದರು ಬ್ರೀಡಾ.

ಅಂದೇ ಅಮ್ಮ ಮೈಸೂರಿಗೆ ಫೋನ್ ಮಾಡಿದರು. “ನಮ್ಮ ಬದಲು ಚಿಕ್ಕಪ್ಪ ಚಿಕ್ಕಮ್ಮ ಕೂತ್ಕೊಳ್ಳಲಿ. ನೀರು ನಾನೂ ಇಲ್ಲಿಂದ ಎರೀತೀನಿ.”

ಮೈಸೂರಿನ ಮಧ್ಯಾಹ್ನದ ಲಗ್ನ ನಮಗೆ ಬೆಳಗಿನ ಕಾಫಿ ಹೊತ್ತು. ಬ್ರೀಡಾ ಹ್ಯಾಟು ಹಾಕಿಕೊಂಡು, ಗೋಡೆಯಾಚೆ ಹೆಣ್ಣಿನ ಕಡೆಯವರಾಗಿ ನಿಂತರು. ಫೋನಿನಲ್ಲಿ ಗಟ್ಟಿಮೇಳ ಮೊಳಗಿತು. ರೇಷ್ಮೆ ಸೀರೆಯ ಮೇಲೆ ನನ್ನ ದಪ್ಪ ಜಾಕೆಟ್ ತೊಟ್ಟ ಅಮ್ಮ ತಂಬಿಗೆಯಿಂದ ಹುಲ್ಲಿನ ಮೇಲೆ ನೀರು ಎರೆದರು.

“ಸ್ವಲ್ಪ ಉಳಿಸಿ,” ಅಂದರು ಬ್ರೀಡಾ.

ಪರ್ತ್‌ನಲ್ಲಿದ್ದ ಅವರ ಒಬ್ಬಳೇ ಮಗಳ ಮದುವೆಯೂ ಆಗಷ್ಟೇ ಆಗಿತ್ತಂತೆ, ತೌರಿನವರು ಯಾರೂ ಇಲ್ಲದೆ. ಅಷ್ಟೆಲ್ಲ ರಾಜಕುಮಾರಿಯರ ಮದುವೆ ಹೇಳಿದವರು ಇದೊಂದನ್ನು ಹೇಳಿರಲಿಲ್ಲ. ಅಮ್ಮ ತರ್ಜುಮೆಗೆ ಕಾಯಲಿಲ್ಲ. ತಂಬಿಗೆಯನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದರು. ಉಳಿದ ನೀರನ್ನು ಬ್ರೀಡಾ ತಮ್ಮ ಹುಲ್ಲಿನ ಮೇಲೆ ಎರೆದರು. ಡಬ್ಬಿ ಬಂದದ್ದು ಆ ಸಂಜೆ, ತುಂಬ ಬಿಸ್ಕೆಟ್ಟಿನೊಂದಿಗೆ.

ಇವತ್ತು ಆ ಮಗಳು ಗಂಡನ ಜೊತೆ ಮೊದಲ ಸಲ ಊರಿಗೆ ಬಂದಿದ್ದಾಳೆ. ನಿಮ್ಮಮ್ಮನ ಸಾರು ಬೇಕು ಎಂದು ಬ್ರೀಡಾ ಹೇಳಿಕಳಿಸಿದ್ದಾರೆ. ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ.

“ಹುಡುಗ ಕಸಿನ್ ಏನಲ್ಲ ತಾನೆ?”

“ಅಲ್ಲಮ್ಮ.”

“ಸರಿ. ಬರೀ ಸಾರು ತಗೊಂಡು ಹೋಗ್ಬೇಡ. ಬೀರುವಿನಲ್ಲಿ ರವಿಕೆ ಕಣ ಇಟ್ಟಿದ್ದೀನಿ. ಅಕ್ಕಿ, ಬೆಲ್ಲ ಹಾಕಿ ಮಡಿಲು ತುಂಬು. ಧಾರೆ ಎರೆದ ಮೇಲೆ ನಮ್ಮ ಹುಡುಗೀನೇ ಅಲ್ವಾ ಅವಳು.”

ಅಕ್ಕಿ ಅಳೆಯುವ ಪಾವು ಎದುರಿಗೇ ಇದೆಯಂತೆ, ನನ್ನ ಮಗಳು ಹೇಳುತ್ತಿದ್ದಾಳೆ. ನನಗೆ ಮಾತ್ರ ಕಣ್ಣು ಮಂಜಾಗಿ ಕಾಣುತ್ತಿಲ್ಲ. ಇಂಗಿನ ಘಾಟು ಅಂದುಕೊಳ್ಳಿ.